ಅಳತೆ ಕುಪ್ಪಸ

ನಮ್ಮ ಅವ್ವ ಇಳಕಲ್ಲಿನಲ್ಲಿ ಕುಪ್ಪಸ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಅವಳ ಮಷೀನಿದೆ. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಾರೆ, ದೂರದ ಹಳ್ಳಿಗಳಿಂದಲೂ ಬರುತ್ತಾರೆ. ಆದರೆ ಅವ್ವ ಯಾರ ಮೈಗೂ ಟೇಪು ಹಿಡಿಯುವುದಿಲ್ಲ. ಹೊಲಿಸಲು ಬಂದವರು ಕುಪ್ಪಸದ ಬಟ್ಟೆಯಾದ ಖಣದ ಜೊತೆಗೆ, ತಮಗೆ ಚೆನ್ನಾಗಿ ಕೂರುವ ಹಳೆಯ ಕುಪ್ಪಸವೊಂದನ್ನು ತರಬೇಕು. ಅದೇ ಅಳತೆ ಕುಪ್ಪಸ. ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಸುಣ್ಣದ ಬಿಲ್ಲೆಯಿಂದ ಗೆರೆ ಎಳೆದು, ಆಮೇಲೆ ಕತ್ತರಿ ಹಚ್ಚುವುದು ಅವಳ ಪದ್ಧತಿ.

"ಟೇಪ್ ಮೈಯಷ್ಟ ಅಳೀತೈತಿ," ಎನ್ನುತ್ತಾಳೆ. "ಆ ಮೈ ಹೆಂಗ ಕುಂದರತೈತಿ, ಹೆಂಗ ರೊಟ್ಟಿ ಬಡೀತೈತಿ ಅನ್ನೂದು ಹಳೇ ಕುಪ್ಪಸಕ್ಕ ಗೊತ್ತಿರತೈತಿ."

ಅಳತೆ ತರದೆ ಬಂದವರನ್ನು ಚಹಾ ಕೊಟ್ಟು ವಾಪಸು ಕಳಿಸುತ್ತಾಳೆ. ಬಹಳ ಹಳೆಯ ಅಳತೆ ತಂದವರಿಗೆ ಚಹಾದ ಜೊತೆ ಬೈಗುಳವೂ ಸಿಗುತ್ತದೆ. "ಇದು ಎಂದಿಂದ? ನಿನ್ನ ಲಗ್ನದ್ದೇನು? ಆಮ್ಯಾಲೆ ಎರಡು ಹಡದೀದಿ. ಮೈ ಅಲ್ಲೇ ನಿಂತಿರತೈತೇನವಾ?"

ಹಾಗಿದ್ದರೂ ನಮ್ಮ ಮನೆಯಲ್ಲಿ ಒಂದು ಟೇಪು ಇದೆ. ಬಾಗಿಲ ಹಿಂದಿನ ಮೊಳೆಗೆ ಜೋತುಬಿದ್ದಿರುತ್ತದೆ. ಅದು ನನ್ನ ತಮ್ಮನ ಮೊಣಕಾಲಿಗೆ ಮಾತ್ರ.

ತಮ್ಮನಿಗೆ ಹುಟ್ಟಿನಿಂದ ಹಿಮೋಫಿಲಿಯಾ ಇದೆ. ಅವನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೊರಗಿನ ಗಾಯಕ್ಕಿಂತ ಒಳಗಿನದೇ ಹೆಚ್ಚು ತೊಂದರೆ ಕೊಡುತ್ತದೆ: ಕಾಲು ಸ್ವಲ್ಪ ಹೊರಳಿದರೂ ಮೊಣಕಾಲಿನ ಒಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ಊತ ಕಣ್ಣಿಗೆ ಕಾಣುವ ಮೊದಲೇ ತಿಳಿಯಲಿ ಎಂದು ಕಾಲಿಗೆ ಟೇಪು ಸುತ್ತಿ ನೋಡಲು ಡಾಕ್ಟರರು ಹೇಳಿಕೊಟ್ಟಿದ್ದರು. ರಕ್ತ ಹೆಪ್ಪುಗಟ್ಟಲು ಬೇಕಾದ ಔಷಧಿಗೆ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು ಬಾಗಲಕೋಟೆಯ ನವನಗರದ ದವಾಖಾನೆಯಿಂದ ತಂದು ಫ್ರಿಜ್ಜಿನಲ್ಲಿ, ಬೆಣ್ಣೆಯ ಡಬ್ಬಿಯ ಪಕ್ಕದಲ್ಲಿ ಇಡುತ್ತೇವೆ. ವಾರದಲ್ಲಿ ಗೊತ್ತಾದ ದಿನ ಅದನ್ನು ನರಕ್ಕೆ ಸೂಜಿಯಿಂದ ಹಾಕಬೇಕು. ಸೂಜಿ ಹಾಕುವುದನ್ನು ನರ್ಸ್ ಬಾಯಿಯವರು ಅವ್ವನಿಗೂ ತಮ್ಮನಿಗೂ ಒಟ್ಟಿಗೇ ಕಲಿಸಿದ್ದರು. ಆದರೆ ಮನೆಯಲ್ಲಿ ಹಾಕುತ್ತಿದ್ದವಳು ಅವ್ವ ಒಬ್ಬಳೇ.

ಅಪ್ಪನ ಹೆಸರು ಆ ಲೆಕ್ಕಕ್ಕೇ ಬರುವುದಿಲ್ಲ. ಅವನು ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸ ಮಾಡುತ್ತಾನೆ. ಆಳೆತ್ತರದ ಕಲ್ಲಿನ ಹಲಗೆಗಳನ್ನು ಹೆದರದೆ ತಿರುಗಿಸಿ ನಿಲ್ಲಿಸುವ ಮನುಷ್ಯ, ಫ್ರಿಜ್ಜಿನಿಂದ ಔಷಧಿಯ ಡಬ್ಬಿ ಹೊರಬಂದ ಕೂಡಲೇ ಚಪ್ಪಲಿ ಹುಡುಕುತ್ತಾನೆ. "ಎಮ್ಮಿ ನೋಡಿ ಬರ್ತೇನಿ," ಎಂದು ಹೊರಟುಬಿಡುತ್ತಾನೆ. ನಮ್ಮ ಮನೆಯಲ್ಲಿ ಎಂದೂ ಎಮ್ಮೆ ಇರಲಿಲ್ಲ.

ಅಪ್ಪ ನನ್ನ ಬಾಲ್ಯದಲ್ಲಿ ಬಹಳ ಹೆಮ್ಮೆಯಿಂದ ಮನೆಗೆಲ್ಲ ಇಳಕಲ್ಲಿನ ಕೆಂಪು ಕಲ್ಲು ಹಾಕಿಸಿದ್ದ. ತಮ್ಮ ಅಂಬೆಗಾಲಿಡಲು ಶುರುಮಾಡಿದಾಗ ಆ ಕಲ್ಲೇ ವೈರಿಯಾಯಿತು. ಅವ್ವ ಖಣದ ಚೂರು, ಹಳೆಯ ಸೀರೆ, ಅಪ್ಪನ ಧೋತರ ಎಲ್ಲ ಸೇರಿಸಿ ಕೌದಿ ಹೊಲಿದು ನೆಲದ ತುಂಬ ಹಾಸಿದಳು. ವರ್ಷಗಟ್ಟಲೆ ನಮ್ಮ ಮನೆಯ ನೆಲದ ಬಣ್ಣ ಏನು ಎಂಬುದು ಬಂದವರಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಮಾತ್ರ ಹೊಸಬರು ಯಾರಾದರೂ ಬಂದರೆ ಕೌದಿಯ ಮೂಲೆ ಎತ್ತಿ ಕಲ್ಲಿನ ಹೊಳಪು ತೋರಿಸುತ್ತಿದ್ದ.

ಈಗ ತಮ್ಮ ಡಿಪ್ಲೊಮಾ ಓದುತ್ತಾನೆ, ಮೀಸೆ ಬಂದಿದೆ. ಆದರೆ ಅವನು ಹುಟ್ಟಿದಾಗಿನಿಂದ ಅವ್ವ ದವಾಖಾನೆ ಬಿಟ್ಟು ಬೇರೆಲ್ಲಿಯೂ ರಾತ್ರಿ ಉಳಿದಿರಲಿಲ್ಲ. ತವರು ಹುನಗುಂದದ ಹತ್ತಿರದ ಹಳ್ಳಿ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿಗೂ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದಳು.

ಹೀಗಿರುವಾಗ ನವನಗರದಿಂದ ಅವಳಿಗೊಂದು ಫೋನು ಬಂತು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರ ನಡೆಸುತ್ತಿದ್ದ ಬಾಯಿಯವರು, ಅವ್ವನ ಹಳೆಯ ಗಿರಾಕಿ. ಖಣದ ಕುಪ್ಪಸ ಹೊಲಿಯುವುದನ್ನು ಹುಡುಗಿಯರಿಗೆ ಕಲಿಸಲು ಬರಬೇಕು, ಎರಡು ವಾರ ಅಲ್ಲೇ ಉಳಿಯಬೇಕು ಎಂದರು. ಅವ್ವ "ನೋಡ್ತೇನ್ರಿ" ಎಂದಳು. ಅವರು ಮತ್ತೆ ಫೋನು ಮಾಡಿದಾಗಲೂ ಅದನ್ನೇ ಅಂದಳು. ನಮ್ಮ ಮುಂದೆ ಮಾತ್ರ, "ನನಗೇನ ಕಲಸಾಕ ಬರತೈತಿ, ಹೋಗಿ ಬಾಯಿ ಬಡಕೊಳ್ಳಾಕೇನು?" ಎಂದು ವಿಷಯ ಮುಗಿಸಿದಳು.

ಅವಳಿಗೆ ಹೋಗುವ ಆಸೆ ಬಹಳ ಇತ್ತು. ಅದು ನಮಗೆ ಗೊತ್ತಾದದ್ದು ತಮ್ಮನಿಂದ. ಟ್ರಂಕಿನ ಮೇಲಿನ ಕೌದಿಯ ಮಡಿಕೆಯಲ್ಲಿ ಅವನಿಗೆ ಗೊಂಬೆಗೆ ಹಾಕುವಷ್ಟು ಸಣ್ಣ ಕುಪ್ಪಸಗಳು ಸಿಕ್ಕವು: ಒಂದು ಬರೀ ಕತ್ತರಿಸಿದ್ದು, ಒಂದು ತೋಳು ಕೂಡಿಸಿದ್ದು, ಒಂದು ಪೂರ್ತಿ ಮುಗಿದದ್ದು, ಅಂಚಿನ ಸಮೇತ. ಹುಡುಗಿಯರಿಗೆ ತೋರಿಸಲೆಂದೇ ಹೊಲಿದಿಟ್ಟ ಮಾದರಿಗಳು. ಅವನು ಪೂರ್ತಿಯಾದ ಕುಪ್ಪಸವನ್ನು ರುಬ್ಬುವ ಗುಂಡುಕಲ್ಲಿಗೆ ತೊಡಿಸಿ ಅಡುಗೆಮನೆಯಲ್ಲಿ ಇಟ್ಟ. ಅವ್ವ ಬಂದು ನೋಡಿ ಗುಂಡನ್ನೂ ಬೈದಳು, ಅವನನ್ನೂ ಬೈದಳು, ಕುಪ್ಪಸವನ್ನು ಮಾತ್ರ ಸುಕ್ಕಾಗದಂತೆ ಬಿಚ್ಚಿದಳು.

ನಾನು ಆಗ ಬಾಗಲಕೋಟೆಯಲ್ಲಿ ಕೋಣೆ ಮಾಡಿಕೊಂಡು ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದೆ. ನನಗೆ ಕಲಿಸಿದ ಮೇಡಮ್ಮೊಬ್ಬರು ಹಿಮೋಫಿಲಿಯಾ ಇರುವವರನ್ನು ನೋಡಿಕೊಳ್ಳುವ ಮನೆಯವರ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ರೋಗಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವರ ಪಕ್ಕದಲ್ಲಿ ಎಚ್ಚರವಿದ್ದು ಕೂರುವವರ ನಿದ್ದೆ, ಕೆಲಸ, ಬೆನ್ನುನೋವು, ನಗು ಇವನ್ನೆಲ್ಲ ಅಳೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ನನ್ನ ಮನೆಯ ವಿಷಯವನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದಲ್ಲ, ಅದು ನನ್ನ ಸ್ವಭಾವ. ಆ ಅಧ್ಯಯನದ ಕೆಲಸಕ್ಕೆ ನಾನೂ ಸೇರುವಾಗ ಮೇಡಮ್ಮಿಗೆ ಹೇಳಲೇಬೇಕಾಯಿತು. ಈ ತೊಂದರೆ ಮನೆಯ ಹೆಣ್ಣುಮಕ್ಕಳ ರಕ್ತದಲ್ಲೂ ಅಡಗಿರಬಹುದು, ಆದರೆ ನನ್ನ ಸ್ವಂತ ರಕ್ತದ ಪರೀಕ್ಷೆಯ ವಿಷಯ ನನ್ನದು. ಅದನ್ನು ಆಗಲೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಬಾದಾಮಿ, ಹುನಗುಂದ, ಕಮತಗಿ ಎಂದು ಮನೆಮನೆಗೆ ಹೋದೆ. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ ಉತ್ತರ: ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ, ನಾಲ್ಕು ಎಂದರೆ ಬಹಳ. ಜನ ಹೇಳಿದ್ದನ್ನೆಲ್ಲ ಹೊರಗೆ ಹೇಳುವ ಹಾಗಿಲ್ಲ. ಆದರೆ ಬಾದಾಮಿಯ ಒಬ್ಬ ಅಜ್ಜಿಯ ಮಾತನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಅವರು ಎಲ್ಲದಕ್ಕೂ ನಾಲ್ಕು ಹಾಕಿಸಿದರು. ಈ ವಯಸ್ಸಿನಲ್ಲಿ ಅಷ್ಟೊಂದು ತೊಂದರೆ ತಡೆದುಕೊಳ್ಳುತ್ತಾರೆಯೇ ಎಂದು ನಾನು ಮರುಗುತ್ತಿದ್ದಾಗ, "ಎಲ್ಲಾದಕ್ಕೂ ನಾಕಕ್ಕ ನಾಕ ಬಿದ್ದಾವಲ್ಲ? ಹಂಗಾರ ನಮ್ಮ ಹುಡುಗ ಪಹಿಲಾ ನಂಬರ್ ಪಾಸ್," ಎಂದು ಕೈಗೆ ಬೆಲ್ಲದ ಚೂರು ಇಟ್ಟರು. ಕುಳಿತು ಮೊದಲಿನಿಂದ ತಿಳಿಸಿ ಹೇಳಿದೆ. "ಅಂದ್ರ ತ್ರಾಸಿಗೆ ಮಾರ್ಕ್ಸ್ ಕೊಡ್ತೀರಿ? ಇದ್ಯಾವ ಸಾಲ್ಯಾಗ ಕಲ್ತೀಯವಾ?" ಎಂದರು. ಎಲ್ಲ ಅಳಿಸಿ ಮತ್ತೆ ಬರೆದೆವು.

ನಮ್ಮ ಮನೆಯನ್ನು ನಾನೇ ಅಳೆಯುವಂತಿರಲಿಲ್ಲ. ಹಾಗಾಗಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ಒಂದು ಭಾನುವಾರ ಇಳಕಲ್ಲಿಗೆ ಬಂದಳು. ಅವಳು ಧಾರವಾಡದವಳು, ಮಾತುಗಾರ್ತಿ. ನಾನು ಅಡುಗೆಮನೆಯಲ್ಲೇ ಇರಬೇಕು, ಬಾಯಿ ಹಾಕಬಾರದು ಎಂದು ಮೊದಲೇ ಷರತ್ತು ಹಾಕಿಕೊಂಡಿದ್ದೆವು. ನಾನು ರೊಟ್ಟಿ ಬಡಿಯುತ್ತ ಕುಳಿತೆ. ಮುಂದಿನ ಕೋಣೆಯ ಮಾತು ಅಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ.

"ಅವ್ವಾರ, ಹೋದ ವರ್ಷದಾಗ ಮಗನ ಆರೈಕಿ ಸಲುವಾಗಿ ನಿಮ್ಮ ನಿದ್ದಿ ಎಷ್ಟ ಕೆಟ್ಟೈತಿ? ಸೊನ್ನಿ ಅಂದ್ರ ಏನೂ ಇಲ್ಲ, ನಾಕು ಅಂದ್ರ ಭಾಳ," ಎಂದು ಗೆಳತಿ ಶುರುಮಾಡಿದಳು.

"ಯಾರ ಅಳತಿಲೆ?" ಎಂದಳು ಅವ್ವ.

"ಅಂದ್ರ?"

"ಭಾಳ, ಕಡಿಮಿ ಅನ್ನಬೇಕಂದ್ರ ಯಾವುದಕ್ಕರೆ ಹಚ್ಚಿ ನೋಡಬೇಕಲ್ಲವಾ? ನೀ ಅಳತಿ ಕೊಡು, ನಾ ಹೇಳ್ತೇನಿ."

"ಅಳತಿ ಇಲ್ಲರಿ. ನಿಮ್ಮ ಮನಸಿಗೆ ಅನಿಸಿದ್ದು ಹೇಳ್ರಿ."

"ಮನಸಿಗೆ ಅನಿಸಿದಂಗ ಕತ್ತರಿ ಹಚ್ಚಿದ್ರ ಕುಪ್ಪಸ ಆಗತೈತೇನು?"

ಗೆಳತಿಗೆ ನಗು ತಡೆಯಲಾಗಲಿಲ್ಲ. ಕಡೆಗೆ ಅವ್ವ, "ಇರ್ಲಿ, ನಮ್ಮವ್ವಂದ ಅಳತಿ ಹಿಡೀತೇನಿ," ಎಂದಳು.

ಅವ್ವನ ಅಣ್ಣನಿಗೂ ಇದೇ ತೊಂದರೆ ಇತ್ತು. ಆಗ ಅದಕ್ಕೊಂದು ಹೆಸರಿದೆ ಎಂಬುದೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಔಷಧಿಯಂತೂ ದೂರದ ಮಾತು. ಅಜ್ಜಿ ಒದ್ದೆ ಬಟ್ಟೆ ಕಟ್ಟಿ, ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸುಗ್ಗಿಯ ದಿನಗಳಲ್ಲೂ ಹೊಲಕ್ಕೆ ಹೋಗದೆ ಕೂತಿರುತ್ತಿದ್ದಳಂತೆ. ನಾನು ಹುಟ್ಟುವ ಮೊದಲೇ ಆ ಮಾವ ತೀರಿಕೊಂಡ. ಅವನದೊಂದು ಫೋಟೊ ಇದೆ, ಕುರ್ಚಿಯಲ್ಲಿ ಕುಳಿತು ಗಟ್ಟಿಯಾಗಿ ನಗುತ್ತಿರುವುದು. ಅವನು ಊರಿಗೆಲ್ಲ ಅಡ್ಡಹೆಸರು ಇಡುತ್ತಿದ್ದನಂತೆ. ಆ ಹೆಸರುಗಳಲ್ಲಿ ಕೆಲವು ಇವತ್ತಿಗೂ ಬಳಕೆಯಲ್ಲಿವೆ.

ಆ ಅಳತೆ ಹಿಡಿದು ಅವ್ವ ಉತ್ತರ ಹೇಳುತ್ತ ಹೋದಳು. ನಿದ್ದೆಗೆ ಸೊನ್ನೆ. ದುಡಿಮೆಗೆ ಸೊನ್ನೆ. ಮನಸ್ಸಿನ ಚಿಂತೆಗೆ ಸೊನ್ನೆ.

"ಅವ್ವಾ," ಎಂದ ತಮ್ಮ ಜೋಕಾಲಿಯಿಂದ, "ನನ್ನ ಗಣಿತದ ಪೇಪರಿನಾಗೂ ಇಷ್ಟ ಸೊನ್ನಿ ಬಿದ್ದಿರಲಿಲ್ಲ."

"ಬಾಯಿ ಮುಚ್ಚಿಕೊಂಡ ಕುಂದ್ರು. ನೀ ಬರೀಯವಾ."

"ಮನಿ ಬಿಟ್ಟು ನಿಮ್ಮ ಖುಷಿಗೆ ಎಲ್ಲಿಗರೆ ಹೋಗಬೇಕು ಅನಿಸಿ, ಹೋಗಾಕ ಆಗದಂಗ ಆಗೇತೇನ್ರಿ?"

"ನನಗ ಎಲ್ಲಿಗೂ ಹೋಗಬೇಕು ಅನಿಸಂಗಿಲ್ಲ. ಸೊನ್ನಿ."

ಜೋಕಾಲಿಯ ಕಿರುಗುಟ್ಟುವ ಸದ್ದು ನಿಂತಿತು. ತಮ್ಮ ಅಡುಗೆಮನೆಗೆ ಬಂದ. ಟ್ರಂಕಿನ ಮೇಲಿನಿಂದ ಸಣ್ಣ ಕುಪ್ಪಸವನ್ನು ತಂದಿದ್ದ. ನನ್ನ ಕಡೆ ಒಮ್ಮೆ ನೋಡಿ, ಗುಂಡುಕಲ್ಲಿಗೆ ಅದನ್ನು ತೊಡಿಸಿ, ಎದೆಗೆ ಒತ್ತಿಕೊಂಡು ಮುಂದಿನ ಕೋಣೆಗೆ ಹೊತ್ತೊಯ್ದ. ನಾನು ರೊಟ್ಟಿ ಬಿಟ್ಟು ಬಾಗಿಲಿಗೆ ಬಂದೆ. ಗೆಳತಿಯ ಪಕ್ಕದಲ್ಲಿ ಕೌದಿಯ ಮೇಲೆ ಗುಂಡುಕಲ್ಲು ಖಣದ ಕುಪ್ಪಸ ತೊಟ್ಟು ಕುಳಿತಿತ್ತು.

"ಈಕೀನ ಕೇಳ್ರಿ ಅಕ್ಕಾರ. ನವನಗರಕ್ಕ ಹೊಂಟ ನಿಂತಾಳ."

"ಭಾರ ಎತ್ತಬ್ಯಾಡ ಅಂತ ಎಷ್ಟ ಸರ್ತಿ ಹೇಳಬೇಕೋ ನಿನಗ!" ಎಂದು ಅವ್ವ ಅರಚಿದಳು. ಆಮೇಲೆ ಗೆಳತಿ ಕುಪ್ಪಸವನ್ನೇ ನೋಡುತ್ತಿರುವುದನ್ನು ಕಂಡು ಸೆರಗು ಸರಿಮಾಡಿಕೊಂಡಳು. "ತೋಳಿನ ಅಂಚು ನೋಡು. ಒಂದ ಖಣದಾಗ ಹಿಂಗ ಕೂಡಸೂದು ಈಗಿನವರಿಗೆ ಬರಂಗಿಲ್ಲ."

"ಹೋಗಿ ಕಲಸ್ರಿ ಮತ್ತ," ಎಂದಳು ಗೆಳತಿ.

"ಹೋಗ್ತೇನಿ. ಇವಂಗ ಸೂಜಿ ಯಾರ ಹಾಕ್ತಾರ? ಅವರಪ್ಪ?"

ಅಪ್ಪ ಹೊಸ್ತಿಲ ಹತ್ತಿರ ಕುಳಿತಿದ್ದವನು ನೆಲದ ಕಲ್ಲನ್ನು ನೋಡತೊಡಗಿದ.

"ನಾ ಹಾಕ್ಕೋತೇನಿ," ಎಂದ ತಮ್ಮ.

"ನೀನು? ದವಾಖಾನ್ಯಾಗ ಸೂಜಿ ಕಿತ್ತ ಒಗದು ಕಾಟಿನ ಕೆಳಗ ಹೊಕ್ಕೊಂಡಿದ್ದಿ. ನರ್ಸ್‌ಬಾಯಿ ಚಾಕಲೇಟ್ ತೋರಿಸಿ ಹೊರಗ ತಗದ್ರು."

"ಅವ್ವಾ, ಅದು ಎಂದಿನ ಅಳತಿ?"

ಅವ್ವ ಸೆರಗಿಗೆ ಅಂಟಿದ್ದ ದಾರದ ಎಳೆ ಕೀಳತೊಡಗಿದಳು.

"ಆವಾಗ ನಾ ಒಂದನೇ ಕ್ಲಾಸಿನಾಗ ಇದ್ದೆ. ಹಳೇ ಅಳತಿ ತಂದವರಿಗೆ ಏನಂತಿ ನೀ? ಮೈ ಅಲ್ಲೇ ನಿಂತಿರತೈತೇನು ಅಂತಿಯಿಲ್ಲ? ಇವತ್ತ ಸೂಜಿ ಹಾಕೂ ದಿನಾನ ಐತಿ. ನೋಡು, ಹಾಕ್ಕೋತೇನಿ. ಬರಲಿಲ್ಲಂದ್ರ ನವನಗರದ ಸುದ್ದಿ ತಗಿಯಂಗಿಲ್ಲ."

ಅವ್ವ ಮಷೀನಿನ ಮೇಲಿದ್ದ ಯಾರದೋ ಅಳತೆ ಕುಪ್ಪಸವನ್ನು ಎತ್ತಿ, ಮಡಿಚಿ, ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಎದ್ದು ಹೋಗಿ ಫ್ರಿಜ್ಜಿನಿಂದ ಡಬ್ಬಿ ತಂದಳು. ಅಪ್ಪ ಚಪ್ಪಲಿ ಮೆಟ್ಟಿದ.

"ಎಮ್ಮಿ ನೋಡಿ ಬರ್ತೇನಿ."

"ಎಮ್ಮಿ ಎಲ್ಲಿ ಕಟ್ಟೀರಿ?" ಎಂದು ಗೆಳತಿ ಪಾಪ, ನಿಜವಾಗಿಯೇ ಕೇಳಿದಳು.

ತಮ್ಮ ಕೈ ತೊಳೆದುಕೊಂಡು ಬಂದ. ಶೀಶೆಯನ್ನು ಅಲುಗಾಡಿಸದೆ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಪುಡಿ ಕರಗಿಸಿದ. ತೋಳಿಗೆ ಪಟ್ಟಿ ಕಟ್ಟಿದ, ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು. ಅವ್ವ ಮೊಳೆಯ ಮೇಲಿನ ಟೇಪನ್ನು ತೆಗೆದುಕೊಂಡು ಅವನ ಎದುರಿಗೆ ಕುಳಿತಳು. ಅಳೆಯಲು ಏನೂ ಇರಲಿಲ್ಲ, ಬೆರಳಿಗೆ ಸುತ್ತುತ್ತ ಇದ್ದಳು. ಹಿಡಿಯಲು ಎರಡು ಸಣ್ಣ ರೆಕ್ಕೆಗಳಿರುವ ಸೂಜಿ ಒಳಗೆ ಹೋಯಿತು. ನಳಿಗೆಯಲ್ಲಿ ರಕ್ತ ಕಾಣಿಸಲಿಲ್ಲ. ನರ ತಪ್ಪಿತ್ತು. ತಮ್ಮ ಸೂಜಿ ತೆಗೆದು ಹತ್ತಿಯಿಂದ ಗಟ್ಟಿಯಾಗಿ ಒತ್ತಿ ಹಿಡಿದ. ಅವನ ಮೂಗಿನ ಮೇಲೆ ಬೆವರು. ಅವ್ವ ಅರ್ಧ ಎದ್ದಳು.

"ಅವ್ವಾ, ಕುಂದ್ರು," ಎಂದೆ. ಆ ಮಧ್ಯಾಹ್ನ ನಾನು ಷರತ್ತು ಮುರಿದು ಆಡಿದ್ದು ಅಷ್ಟೇ.

ಅವ್ವ ಕುಳಿತಳು. ತಮ್ಮ ಇನ್ನೊಂದು ಸೂಜಿ ಬಿಚ್ಚಿ, ಅಂಗೈಯ ಹಿಂಬದಿಯ ನರವನ್ನು ಬೆರಳಿನಿಂದ ತಡವಿ ನೋಡಿ, ನಿಧಾನಕ್ಕೆ ಹಾಕಿದ. ಈ ಸಲ ನಳಿಗೆಯಲ್ಲಿ ಕೆಂಪು ಗೆರೆ ಮೂಡಿತು.

"ಪಟ್ಟಿ ಸಡಲ ಮಾಡು ಮೊದಲ," ಎಂದಳು ಅವ್ವ ಕೂಡಲೇ. "ಮೆಲ್ಲಕ. ಓಡಿಸಬ್ಯಾಡ. ನಿನ್ನ ಬಸ್ ಏನ ತಪ್ಪಂಗಿಲ್ಲ."

ಮುಗಿದ ಮೇಲೆ ಅವನ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು, ಗಿರಾಕಿಗೆ ಕೊಡುವ ಮೊದಲು ಕುಪ್ಪಸ ನೋಡುವ ಹಾಗೆ.

"ಹೊಲಿಗಿ ಸೊಟ್ಟ ಆಗೇತಿ. ನಡೀತೈತಿ."

ರೊಟ್ಟಿ ಒಂದು ಸುಟ್ಟು ಕರಕಾಗಿತ್ತು. ಹೊರಡುವಾಗ ಗೆಳತಿ, "ಅವ್ವಾರ, ಆ ಸೊನ್ನಿಗಳನ್ನ ಏನರೆ ಬದಲ ಮಾಡೂದ ಐತೇನ್ರಿ?" ಎಂದು ಕೇಳಿದಳು. ಅವ್ವನಿಗೆ ಸಿಟ್ಟು ಬಂತು. "ಒಮ್ಮೆ ಅಳತಿ ತಗೊಂಡ ಮ್ಯಾಲ ಬದಲ ಮಾಡಂಗಿಲ್ಲ." ಸೊನ್ನೆಗಳು ಹಾಗೇ ಉಳಿದವು. ಬಾಗಲಕೋಟೆಯಲ್ಲಿ ಮೇಡಮ್ ಅವನ್ನು ನೋಡಿ ಹುಬ್ಬೇರಿಸಿದರು.

ಅವ್ವ ನವನಗರಕ್ಕೆ ಹೋದಳು. ನಾನೇ ಕರೆದುಕೊಂಡು ಹೋದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಂಡಳು, ಕಲಿಯುವ ಹುಡುಗಿಯರಿಗೆ ಅಂತ. ಕಮತಗಿ ದಾಟುವಷ್ಟರಲ್ಲಿ ಮನೆಗೆ ಫೋನು ಮಾಡಿ ಮೊಣಕಾಲು ಅಳೆದು ಹೇಳು ಎಂದಳು. ಆ ದಿನ ಅಳೆಯುವ ಕೆಲಸ ಅಪ್ಪನದಾಗಿತ್ತು. ಸೂಜಿಯಲ್ಲದ ಕೆಲಸವಾದ್ದರಿಂದ ಬಹಳ ಉತ್ಸಾಹದಿಂದ ಒಪ್ಪಿಕೊಂಡಿದ್ದ. ಅವನು ಹೇಳಿದ ಅಳತೆ ಕೇಳಿ ಅವ್ವನ ಮುಖ ಸಣ್ಣದಾಯಿತು. "ಇಷ್ಟ ಬಾತೇತಿ? ಬಸ್ ನಿಂದ್ರಸ್ರಿ!" ಎಂದು ಎದ್ದೇಬಿಟ್ಟಳು. ತಮ್ಮ ಫೋನು ಕಸಿದುಕೊಂಡು ಕೂಗಿದ್ದು ನನಗೂ ಕೇಳಿಸಿತು: "ಅವ್ವಾ, ಅಪ್ಪ ಪ್ಯಾಂಟಿನ ಮ್ಯಾಲ ಅಳದಾನ!" ಕಂಡಕ್ಟರು ಬಾಯಿಂದ ಸೀಟಿ ತೆಗೆದು, "ಇಳೀತೀರೋ ಕುಂದರತೀರೋ?" ಎಂದ. ಅವ್ವ ಕುಳಿತಳು.

ಮೊದಮೊದಲು ಹೊತ್ತುಹೊತ್ತಿಗೆ ಫೋನು ಮಾಡುತ್ತಿದ್ದಳು. ತಮ್ಮ ಟೇಪಿನ ಫೋಟೊ ಕಳಿಸಿದರೆ, ಟೇಪು ತಿರುವಿದೆ, ಸಡಿಲ ಹಿಡಿದಿದ್ದೀ ಎಂದು ತಪ್ಪು ಹುಡುಕುತ್ತಿದ್ದಳು. ಆಮೇಲೊಂದು ದಿನ ಫೋನು ಬರಲೇ ಇಲ್ಲ. ಇಳಕಲ್ಲಿನಿಂದ ಅಪ್ಪ, ತಮ್ಮ ಇಬ್ಬರೂ ಸರದಿಯ ಮೇಲೆ ನನಗೆ ಫೋನು ಮಾಡಿ ಅವ್ವನಿಗೆ ಏನಾಯಿತು ನೋಡು ಎಂದರು. ಕಾಲೇಜು ಮುಗಿಸಿ ಓಡಿದೆ. ಅವ್ವ ನೆಲದ ಮೇಲೆ ಹುಡುಗಿಯರ ನಡುವೆ ಕುಳಿತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಯಾರನ್ನೋ ಬೈಯುತ್ತಿದ್ದಳು. ನನ್ನನ್ನು ಕಂಡು, "ನೀ ಯಾಕ ಬಂದಿ?" ಎಂದಳು. ಆಮೇಲೆ ಪಿನ್ನು ತೆಗೆದಿಟ್ಟು, ಸ್ವಲ್ಪ ದನಿ ಇಳಿಸಿ, "ಇವತ್ತ ಬೆಳಕ ಹರದಿದ್ದ ಗೊತ್ತಾಗಲಿಲ್ಲ ನೋಡು. ಆ ಹುಡುಗ್ಯಾರು ಚಹಾ ತಂದು ಎಬ್ಬಿಸಿದ್ರು. ನಾ ಎಲ್ಲಿ ಅದೇನಿ ಅಂತ ತಿಳಿಯಾಕ ಹೊತ್ತ ಹಿಡೀತು," ಎಂದಳು. ಅವಳ ಕಣ್ಣುಗಳು ಸ್ವಲ್ಪ ಊದಿದ್ದವು, ಬಹಳ ನಿದ್ದೆ ಮಾಡಿದವರಿಗೆ ಊದುವ ಹಾಗೆ. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ.

ಕೆಲವು ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಅದೇ ಮನೆಗಳಲ್ಲಿ ಮತ್ತೆ ಕೇಳುವುದಿತ್ತು. ಈ ನಡುವೆ ತಮ್ಮನ ಕಾಲು ಒಮ್ಮೆ ಊದಿತ್ತು. ಐಸು ಇಟ್ಟು, ಔಷಧಿ ಹಾಕಿಕೊಂಡು, ಅವ್ವನಿಗೆ ಹೇಳಿದ್ದ. ಸೂಜಿಯ ಕೆಲಸ ಈಗ ಪೂರ್ತಿ ಅವನದೇ. ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಹಾಗಾಗಿ ಇಳಕಲ್ಲಿನ ನಮ್ಮ ಅಂಗಳದಿಂದ ಗೆಳತಿ ಫೋನು ಮಾಡಿದಾಗ ಅವಳ ಗಾಬರಿಯ ದನಿ ಕೇಳಿ ನಾನು ಬೆಚ್ಚಿದೆ.

"ನಿನ್ನ ತಮ್ಮಗ ಆರಾಮ ಐತಿಲ್ಲ? ನಿಮ್ಮವ್ವ ಎಲ್ಲಾ ಉಲ್ಟಾ ಹೇಳಾಕತ್ತಾರ. ನಿದ್ದಿಗೆ ಮೂರಂತ. ಚಿಂತಿಗೆ ನಾಕಂತ. ಸೊನ್ನಿ ಒಂದೂ ಇಲ್ಲ."

"ಫೋನ್ ಅವ್ವನ ಕೈಯಾಗ ಕೊಡು," ಎಂದೆ.

"ಆಕಿ ಹೋದ ವರ್ಷದ್ದ ಕೇಳಾಕತ್ತಾಳ," ಎಂದಳು ಅವ್ವ, ಏನೂ ಆಗದವಳಂತೆ. "ಹೋದ ವರ್ಷ ತ್ರಾಸ ಇರಲಿಲ್ಲೇನ? ಭಾಳ ಇತ್ತು."

"ಮೊದಲ ಸಲ ಸೊನ್ನಿ ಅಂದಿದ್ದಿ."

"ಆವಾಗ ಸರಿಯಾದ ಅಳತಿ ಎಲ್ಲಿತ್ತು? ನಮ್ಮವ್ವಂದ ಹಿಡದಿದ್ದೆ. ಆಕೀದು ಆಕೀಗೆ. ಈಗ ನವನಗರದ್ದ ಹಿಡದೇನಿ." ಹಿಂದೆ ಮಷೀನು ತಿರುಗುವ ಸದ್ದು, ಮಾತಾಡುತ್ತಲೇ ಹೊಲಿಯುತ್ತಿದ್ದಳು. "ನಿದ್ದಿ ಅಂದ್ರ ಏನಂತ ಗೊತ್ತಾದ ಮ್ಯಾಲ ಕೆಟ್ಟದ್ದ ಎಷ್ಟಂತ ಹೇಳಾಕ ಬರತೈತಿ."

ಕಾಗದದ ಮೇಲೆ ನಮ್ಮ ಮನೆ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬಂದಂತೆ ಕಾಣುತ್ತದೆ, ಮೇಡಮ್ಮಿಗೆ ಇದನ್ನು ವಿವರಿಸಿ ಹೇಳಬೇಕು ಎಂದು ನಾನು ಯೋಚಿಸುತ್ತಿದ್ದೆ. ನಗುವೂ ಬರುತ್ತಿತ್ತು. ಅವ್ವ ಫೋನನ್ನು ಮಷೀನಿನ ಮೇಲೆ ಹಾಗೇ ಇಟ್ಟುಬಿಟ್ಟಿದ್ದಳು. ಅವರ ಚೌಕಾಶಿ ನನಗೆ ಕೇಳಿಸುತ್ತಿತ್ತು.

"ಬೆನ್ನ ನೋವಿಗೆ ಎಷ್ಟ ಹಾಕ್ಲಿ ಅವ್ವಾರ?"

"ಎರಡೂವರಿ."

"ಎರಡೂವರಿ ಇಲ್ಲರಿ. ಎರಡು, ಇಲ್ಲಂದ್ರ ಮೂರು."

ಮಷೀನು ನಿಂತಿತು.

"ಮೂರ ಹಾಕು," ಎಂದಳು ಅವ್ವ. "ಒಳಗ ಸ್ವಲ್ಪ ಬಟ್ಟಿ ಬಿಟ್ಟ ಹೊಲದಿರಬೇಕು. ಮುಂದ ಬೇಕಾದ್ರ ಬಿಚ್ಚಾಕ ಬರತೈತಿ."